ಇಳಿಸೂದಿಲ್ಲ

ಗಬ್ಬೂರ ಬೈಪಾಸಿನ ಬಾಜೂಕ ನಂದು ಪಾಟಾ ಅಂಗಡಿ.
ಬೋರ್ಡಿಲ್ಲ. ಮುರದ ಪಾಟಾದ ಗುಂಪಿ ಐತಿ ಬಾಗಿಲ ಮುಂದ,
ಡ್ರೈವರಗೋಳಿಗೆ ಅಷ್ಟ ಸಾಕು.

ಬುಧವಾರ ಮುಂಜಾನೆ ಒಂದು ಪಿಕಪ್ ಬಂತು
ಹಿಂಗಾಲ ಮ್ಯಾಲೆ ಕುಂತ ನಾಯಿ ಹಂಗ
ಮುಗಿಲಿಗೆ ಮಾರಿ ಮಾಡಿ.
ಬೆನ್ನ ಮ್ಯಾಲೆ ಒಂದು ಖೋಲಿ. ಪ್ಲೈವುಡ್ಡು, ತಗಡು,
ಎರಡು ಕಿಡಕಿ, ಕಿಡಕಿಗೆ ಹೂವಿನ ಪಡದೆ,
ಬಾಗಿಲಕ್ಕ ಒಣಗಿದ ತೋರಣ ಸೈತ.

ಇಳದಾಂವ ಅಡಿವೆಪ್ಪ ಕಡ್ಲಿ.
ಮೂವತ್ತೊಂದು ವರ್ಷ ಬಸ್ಸು ಹೊಡದಾನಂತ.
"ಎಲ್ಲಾ ಊರಿನ ಬಸ್‌ಸ್ಟ್ಯಾಂಡ್ ನೋಡೇನಿ,
ಊರು ನೋಡಿಲ್ಲ" ಅಂದ.
ಹಿಂದಿಂದ ಅವನ ಹೆಂಡ್ತಿ ಕಾಶವ್ವ ಇಳದ್ಲು,
ಮನಿ ಮೆಟ್ಟಲ ಇಳದಂಗ, ಸೆರಗ ಸರಿಮಾಡಿಕೊಂತ.

ಗಾಡಿ ಬುಡಕ ಹೊಕ್ಕೆ.
ಕಮಾನ ಆಗಿ ಹುಟ್ಟಿದ್ದು ಗೆರಿ ಆಗಿತ್ತು.
ಕೆಳಗಿಂದನ ಕೇಳಿದೆ, ರೂಢಿ ಮಾತು:
"ಲೋಡ ಎಲ್ಲಿ ಇಳಿಸೂದ್ರಿ?"
"ಇಳಿಸೂದಿಲ್ಲ."

ಸ್ಪ್ಯಾನರ ಕೈಯಾಗ ಹಂಗ ನಿಂತಿತು.

ಉಳ್ಳಾಗಡ್ಡಿ ಲಾರಿ ಮಾತು ಬ್ಯಾರೆ.
ಅಮರಗೋಳದಾಗ ಚೀಲ ಇಳಿದಂಗ ಇಳಿದಂಗ
ಪಾಟಾ ಒಂದೊಂದ ಬೆರಳು ಮ್ಯಾಲೇಳತಾವ,
ಕೊಡಾ ಇಳಿಸಿದಾಕಿ ಕುತಿಗಿ ತಿರುವಿದಂಗ.
ಕಬ್ಬಿಣಕ್ಕೂ ಅಷ್ಟು ಬೇಕು.
ಇದು ನಿಂತ್ರೂ ಹೊತ್ತ ನಿಲ್ಲೂದು,
ಅವರು ಮಲಗಿದ್ರ ಅವರನ್ನೂ ಹೊತ್ತ ನಿಲ್ಲೂದು.

ಕಾಟಾಕ್ಕ ಕಳಿಸಿದೆ. ಚೀಟಿ ಬಂತು.
ಅವರು ಹೇಳಿದ್ದಕ್ಕ ಕಾಟಾ ಒಪ್ಪಲಿಲ್ಲ.
ಮ್ಯಾಲಾಗಿ ಎಡಕ್ಕ ಎರಡು ಬೆರಳು ಜಗ್ಗತಿತ್ತು.
"ಎಡಕ್ಕ ಏನೈತಿ?"
ಅಡಿವೆಪ್ಪ ಎಣಿಸಿದ: ಹಾಸಿಗಿ, ಟ್ರಂಕು, ಕೌದಿ ನಾಕು.
ಕಾಶವ್ವ ನೆಲಾ ನೋಡಿದ್ಲು.
"ಹಾಸಿಗಿ ಕೆಳಗ ಒರಳೈತ್ರಿ."

"ಮಿಕ್ಸರ್ ಕೊಡಿಸೇನೆಲ್ಲಾ!"
"ಮಿಕ್ಸರ್ ಅರದದ್ದು ಖಾರ.
ರಂಜಕ ಅಲ್ಲ."

ಅಡಿವೆಪ್ಪ ನನ್ನ ಕಡೆ ನೋಡಿದ, ಸಾಕ್ಷಿ ಕರದಂಗ.
ನಾ ಏನ್ ಹೇಳ್ಲಿ? ಒರಳು ಮೂವತ್ತು ಕಿಲೋ, ಬಾಳಾದ್ರ ನಲವತ್ತು.
"ಯಜಮಾನ್ರ, ಎರಡು ನೂರು ಲೀಟರ ನೀರಿನ ಟಾಕಿ
ಅದ ಎಡ ಮಗ್ಗಲಿಗೆ ಕೂಡ್ರಿಸಿದಾಂವ ಯಾರು?"
ಆಮ್ಯಾಲೆ ಅಂವ ನೆಲಾ ನೋಡಿದ.
ಟಾಕಿ ನಡು ಆ್ಯಕ್ಸಲಿನ ಮುಂದಕ್ಕ ಹೋತು.
ಒರಳು ಇದ್ದಲ್ಲೆ ಇತ್ತು.

ನಾಕು ಪಾಟಾ ಹೆಚ್ಚಿಗಿ ಹಾಕು ಅಂದ. ಹಾಕಲಿಲ್ಲ.
ಪಾಟಾ ಹಾಕಿದ್ರ ಆ್ಯಕ್ಸಲ್ ಬೆಳೀತತೇನು? ಬ್ರೇಕ ಬೆಳೀತತೇನು?
ಅಷ್ಟು ಬಿರುಸ ಮಾಡಿದ್ರ
ಮೊದಲ ಕಿಡಕಿ ಒಡೀತಾವ, ಆಮ್ಯಾಲೆ ನಿಮ್ಮ ನಡಾ.
ಹಳೇವಕ್ಕ ತಾವ ಕೊಟ್ಟು ಮತ್ತ ಬಗ್ಗಿಸಿದೆ,
ಸೀಳಿದ್ದೊಂದು ತಗದು ಹೊಸಾದು ಇಟ್ಟೆ,
ಬುಡಕ ಒಂದ ಒಂದು ದಪ್ಪಂದು ಕೂಡಿಸಿದೆ,
ಉದ್ದ ಯು-ಬೋಲ್ಟು, ಹೊಸಾ ಬುಷ್ಷು.
ಎಣ್ಣ್ಯಾಗ ಅದ್ದಿದಾಗ ಪಾಟಾ ಚೊಂಯ್ ಅಂತು.
ಮೂವತ್ತು ವರ್ಷ ಆತು, ಆ ಸಪ್ಪಳಕ್ಕ ಈಗೂ ನಾ ಒಂದು ಗಳಿಗಿ ತಡೀತೀನಿ.

ಸಂಜಿಮುಂದ ಗ್ವಾಡಿಗೆ ಲೈಟ ಬಿಟ್ಟು ನೋಡಿದ್ವಿ.
ಬೆಳಕು ಮುಗಿಲ ಬಿಟ್ಟು ಇಳದು
ನನ್ನ ಎದಿಮಟ ಬಂದು ನಿಂತಿತು.

"ಮೊದಲ ಎಲ್ಲಿಗೆ?"
"ರಾಮೇಶ್ವರ" ಅಂದ ಅಡಿವೆಪ್ಪ.
"ಮೊದಲ ಬಂಕಾಪುರ" ಅಂದ್ಲು ಕಾಶವ್ವ,
"ನವಿಲು ನೋಡೂಣು. ಇಲ್ಲೇ ಬಾಜೂಕ ಐತಿ,
ಯಾರೂ ಕರಕೊಂಡ ಹೋಗಿಲ್ಲ."
ಐನೂರು ಕಿಲೋಮೀಟರಿಗೆ ಬೋಲ್ಟು ಮತ್ತ ಬಿಗಿಮಾಡಸ್ರಿ ಅಂದೆ.
ಕೇಳಿಸ್ತೋ ಇಲ್ಲೋ.

ಸೀಳಿದ ಆ ಪಾಟಾ ಇನ್ನೂ ಅಂಗಡ್ಯಾಗ ಐತಿ.
ಮ್ಯಾಲೆ ಏನೂ ಇಲ್ಲ ಈಗ, ನಾಕು ದಿನಾ ಆತು.
ಎದ್ದಿಲ್ಲ.
ಚಹಾದ ಗ್ಲಾಸ ಇಟ್ಟೆ ಅದರ ಮ್ಯಾಲೆ.
ಒಂದು ಹನಿ ತುಳುಕಲಿಲ್ಲ.